ಡ್ರೋನಿನ ಕಣ್ಣು ಒರೆಸಿದ್ದು

ಕಂಡದ್ದನ್ನೆಲ್ಲ ಸೆರಗಿನಿಂದ ಒರೆಸುವುದು ನನ್ನ ಚಟ. ಬಸ್ಸಿನ ಸೀಟು, ಪೇರಲಹಣ್ಣು, ಪಕ್ಕದ ಮನೆಯ ಮಗುವಿನ ಮೂಗು, ದೇವರ ಪಟದ ಗಾಜು, ಅಳತೆ ಕೊಡಲು ಬಂದವರ ಕನ್ನಡಕ, ಯಾವುದನ್ನೂ ಬಿಟ್ಟವಳಲ್ಲ. ಒರೆಸಿದ ಮೇಲೆ ಅದು ಮೊದಲಿಗಿಂತ ಸ್ವಚ್ಛವಾಯಿತೋ ಇನ್ನಷ್ಟು ಕೊಳೆಯಾಯಿತೋ ಎಂದು ನೋಡುವ ಅಭ್ಯಾಸ ಮಾತ್ರ ಇಲ್ಲ. ಒರೆಸಿದೆನೆಂಬ ಸಮಾಧಾನವೇ ನನಗೆ ಸಾಕು. ನಗಬೇಡಿ. ನಿಮ್ಮ ಮುಖವನ್ನೂ ಯಾರೋ ಒಬ್ಬರು ಸೆರಗಿನ ತುದಿಗೆ ಉಗುಳು ಹಚ್ಚಿ ಒರೆಸಿಯೇ ಶಾಲೆಗೆ ಕಳಿಸಿರುತ್ತಾರೆ.

ಶಾಲೆ ಎಂದೆನಲ್ಲ, ನಾನು ಅಲ್ಲಿಗೆ ಹೋದದ್ದು ಏಳನೆಯ ತರಗತಿಯವರೆಗೆ. ಬಡತನದಿಂದ ಬಿಟ್ಟೆ ಎಂದರೆ ಕೇಳುವವರಿಗೆ ಕರುಳು ಚುರ್ ಎನ್ನುತ್ತದೆ. ಆದರೆ ನಾನು ಬಿಟ್ಟದ್ದು ದಶಮಾಂಶದ ಬಿಂದುವಿನಿಂದ. ಅದನ್ನು ಎಲ್ಲಿಟ್ಟರೂ ಮೇಷ್ಟ್ರು ತಪ್ಪೆನ್ನುತ್ತಿದ್ದರು. ಆಮೇಲೆ ಹೊಲಿಗೆ ಕಲಿತೆ. ಟೇಪು ಹಿಡಿದು ಒಂದು ನೂಲು ಹೆಚ್ಚು, ಅರ್ಧ ನೂಲು ಕಡಿಮೆ ಎಂದು ಲೆಕ್ಕ ಹಾಕುವಾಗ ಯಾವ ಬಿಂದುವೂ ಅಡ್ಡ ಬರಲಿಲ್ಲ. ಈಗ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಪುಟ್ಟ ಮನೆ. ಮುಂದಿನ ಕೋಣೆಯ ಒಂದು ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದು ಮೂಲೆಯಲ್ಲಿ ತಮ್ಮ ಹಾಲೇಶನ ಕ್ಯಾಮೆರಾಗಳು.

ಹಾಲೇಶ ಮೊದಲು ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಆಮೇಲೆ ಮದುವೆ ವಿಡಿಯೋ ತೆಗೆಯಲು ಹಿಡಿದ. ಬಳಸಿದ ಹಳೆಯ ಡ್ರೋನೊಂದನ್ನು ಕೊಂಡ ದಿನ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮನೆಗೆ ತಂದ. ಮೊದಲ ಸಲ ಹಾರಿಸಿದ್ದು ಕುಕ್ಕುವಾಡದಲ್ಲಿ, ನಮ್ಮ ಸೋದರಮಾವನ ಗದ್ದೆಯ ಮೇಲೆ. ಮಾವ ಫೋನಿನ ಪರದೆಯಲ್ಲಿ ತನ್ನ ಗದ್ದೆಯನ್ನು ಆಕಾಶದಿಂದ ನೋಡಿ ಬೆರಗಾಗುತ್ತಾನೆಂದುಕೊಂಡಿದ್ದೆವು. ಅವನು ಹುಬ್ಬು ಗಂಟಿಕ್ಕಿ, "ಲೇ ಹಾಲೇಶ, ಬದು ಸೊಟ್ಟ ಐತಲ್ಲೋ! ಪಕ್ಕದೋನು ಇಷ್ಟು ವರ್ಷ ನನ್ನ ಕಡೀಗೆ ಒತ್ತೀದಾನೆ ನೋಡು!" ಎಂದು ಪಕ್ಕದವನನ್ನು ಹುಡುಕಿಕೊಂಡು ಹೊರಟೇಬಿಟ್ಟ. ಮೇಲಿನಿಂದ ನೋಡಿದರೆ ಎಲ್ಲರೂ ಒಂದೇ ಎಂದು ದೊಡ್ಡವರು ಹೇಳುತ್ತಾರೆ. ಬಹುಶಃ ಅವರಿಗೆ ಗದ್ದೆ ಇರಲಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. ಕಳೆದ ಆಯುಧ ಪೂಜೆಯ ಬೆಳಿಗ್ಗೆ ಹಾಲೇಶ ಬೂದುಗುಂಬಳ, ಚೆಂಡು ಹೂವು ತರಲು ಮಾರುಕಟ್ಟೆಗೆ ಹೋಗಿದ್ದ. ಜರಿ ಅಂಚಿನ ಸೀರೆ ಉಟ್ಟು ನಾನು ಒಬ್ಬಳೇ ಪೂಜೆಗೆ ಅಣಿ ಮಾಡುತ್ತಿದ್ದೆ. ಹೊಲಿಗೆ ಯಂತ್ರಕ್ಕೆ, ಕತ್ತರಿಗೆ, ಇಸ್ತ್ರಿ ಪೆಟ್ಟಿಗೆಗೆ, ಮಿಕ್ಸಿಗೆ, ಸ್ಕೂಟರಿಗೆ ಒದ್ದೆ ವಿಭೂತಿ ಎಳೆದು ಕುಂಕುಮವಿಟ್ಟೆ. ಕೊನೆಗೆ ಉಳಿದದ್ದು ಡ್ರೋನು. ಯಂತ್ರಗಳಿಗೆಲ್ಲ ಎಲ್ಲೋ ಒಂದು ಕಡೆ ಹಣೆ ಎಂಬುದು ಇದ್ದೇ ಇರುತ್ತದೆ. ಮಿಕ್ಸಿಗೂ ಇದೆ. ಡ್ರೋನಿಗೆ ಮಾತ್ರ ನಾಲ್ಕು ಕೈಗಳ ನಡುವೆ ಕೆಳಗೆ ಜೋತುಬಿದ್ದ ಒಂದು ಕಣ್ಣು, ಅದರ ಮೇಲೆ ಉಗುರಗಲ ಜಾಗ. ಅದೇ ಹಣೆ ಎಂದು ತೀರ್ಮಾನಿಸಿ ಮೂರು ಬೆರಳು ಎಳೆದು ಕುಂಕುಮವಿಟ್ಟೆ. ವಿಭೂತಿ ನೀರಾಗಿತ್ತು, ಹಣೆಯಿಂದ ಇಳಿದು ಕಣ್ಣು ತುಂಬಿತು. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು.

ಒರೆಸಿದೆ. ಬಿಳಿ ಹೋಗಲಿಲ್ಲ. "ಹಾ" ಎಂದು ಉಸಿರು ಬಿಟ್ಟು, ಕನ್ನಡಕ ಉಜ್ಜುವಂತೆ ಗಟ್ಟಿಯಾಗಿ ಉಜ್ಜಿದೆ. ವಿಭೂತಿಯ ಹರಳು, ಅದರ ಮೇಲೆ ಜರಿಯ ಅಂಚು. ಬೆಳಕಿಗೆ ಹಿಡಿದು ನೋಡಿದರೆ ಆ ಗಾಜಿನ ತುಂಬ ಹೊಂಬಣ್ಣದ ಸಣ್ಣ ಸಣ್ಣ ಗೆರೆಗಳು.  ದೇವರ ಮುಂದಿದ್ದ ಒಂದು ದಾಸವಾಳವನ್ನು ಅದರ ಮುಂದಿಟ್ಟು ಮುಚ್ಚಿದೆ. ಅಷ್ಟರಲ್ಲಿ ಹಾಲೇಶ ಬಂದ. ಕುಂಬಳಕಾಯಿ ಇದ್ದದ್ದು ಅವನ ಹೆಗಲ ಮೇಲೆ, ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಂಡದ್ದು ನಾನು. "ಅಲಂಕಾರ ಬೆಸ್ಟ್ ಐತಕ್ಕ" ಎಂದ. ನಾನು ಗಂಟೆ ಬಾರಿಸಿದೆ, ತುಸು ಜೋರಾಗಿಯೇ.

ದೀಪಾವಳಿ ಕಳೆದ ಮೇಲೆ ಹರಿಹರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ಹಾಲೇಶನನ್ನು ಕರೆದರು. ಅದು ಚೆನ್ನಾಗಿ ಬಂದರೆ ಮದುವೆಯೂ ಅವನಿಗೇ. ಹೊಳೆಯ ದಂಡೆ, ಶಾಮಿಯಾನ, ಬಣ್ಣದ ದೀಪಗಳು, ಎಲ್ಲದರ ಮೇಲೂ ಡ್ರೋನು ಹಾರಿಸಿ ಬಂದ. ಮನೆಯಲ್ಲಿ ದೊಡ್ಡ ಪರದೆಗೆ ಹಾಕಿ ನೋಡಿದರೆ ಎಲ್ಲವೂ ಗಂಜಿ ತಿಳಿಯಲ್ಲಿ ಅದ್ದಿ ತೆಗೆದಂತೆ. ದೀಪಗಳಿಗೆ ದೀಪಕ್ಕಿಂತ ದೊಡ್ಡ ಪ್ರಭಾವಳಿ. ಯಜಮಾನರು ಫೋನಿನಲ್ಲಿ ಹೇಳಿದ್ದು ನನ್ನ ಯಂತ್ರದವರೆಗೂ ಕೇಳಿಸಿತು:

"ಏನಪಾ ಹಾಲೇಶ, ನನ್ನ ಮಗಳ ನಿಶ್ಚಿತಾರ್ಥ ಹರಿಹರದಾಗ ಮಾಡಿದ್ನೋ ದೇವಲೋಕದಾಗ ಮಾಡಿದ್ನೋ? ಬೀಗರ ಮುಖನೇ ಕಾಣವಲ್ದು! ಮದುವಿಗೆ ಮುಂಚೆ ಒಂದ್ಸಲ ಸರಿಯಾಗಿ ತೆಗ್ದು ತೋರ್ಸು. ಇಲ್ಲಾಂದ್ರ ಹುಬ್ಬಳ್ಳಿಯೋರನ್ನ ಕರೆಸ್ತೀನಿ, ಬೇಜಾರಾಗಬ್ಯಾಡ."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ಕಾಜಾ ಹೊಲಿಯುತ್ತ ಕೂತೆ. ಹಾಲೇಶನಾದರೋ ಡ್ರೋನನ್ನು ಶಂಕಿಸಲೇ ಇಲ್ಲ, ತನ್ನನ್ನೇ ಶಂಕಿಸಿಕೊಂಡ. ಫೋಕಸ್ ತಾನೇ ಸರಿಯಾಗಿ ನೋಡಲಿಲ್ಲವೆಂದ. ಹಾರಿಸುವಾಗ ಫೋನಿನ ಸಣ್ಣ ಪರದೆಯ ಮೇಲೆ ಎಲ್ಲ ಸ್ಪಷ್ಟವಾಗಿಯೇ ಕಂಡಿತ್ತಲ್ಲ, ಹಾಗಾದರೆ ಕಣ್ಣೇ ಮಂಜಾಗಿರಬೇಕು ಎಂದ. ಊಟಕ್ಕೆ ಕೂತಾಗ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುವುದು, ಇನ್ನೊಂದು ಮುಚ್ಚಿ ಓದುವುದು. ತಟ್ಟೆಯ ಅನ್ನ ಆರುತ್ತಿತ್ತು. ಕೊನೆಗೊಂದು ದಿನ, "ಇದು ನನ್ನ ಕೈಲಾಗೋ ಕೆಲ್ಸ ಅಲ್ಲಕ್ಕ. ಮತ್ತೆ ವೈರಿಂಗ್‌ಗೇ ಹೋಗ್ತೀನಿ. ಅಲ್ಲಿ ತಪ್ಪಾದ್ರೆ ಶಾಕ್ ಹೊಡ್ದು ಅಲ್ಲೇ ಗೊತ್ತಾಗತ್ತೆ" ಎಂದ. ನಗಿಸಲು ಹೇಳಿದ್ದಲ್ಲ, ಆದರೂ ನಗು ಬಂತು, ಅದನ್ನೂ ಸೆರಗಿನಿಂದ ಒರೆಸಿಹಾಕಿದೆ.

ಪಿ.ಜೆ. ಬಡಾವಣೆಯ ಕಣ್ಣಿನ ಆಸ್ಪತ್ರೆಗೆ ಅವನ ಜೊತೆ ನಾನೂ ಹೋದೆ. ಒಬ್ಬನೇ ಹೋಗಲು ಹೆದರಿಕೆ ಅವನಿಗೆ, ಒಬ್ಬಳೇ ಮನೆಯಲ್ಲಿರಲು ಹೆದರಿಕೆ ನನಗೆ. ಡಾಕ್ಟರಮ್ಮ ಗೋಡೆಯ ಅಕ್ಷರ ಓದಿಸಿದರು. ಮೇಲಿನ ಆನೆಯಂಥ ಅಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ ಹಾಲೇಶ ಗಿಳಿಯಂತೆ ಓದಿದ. "ಏನೂ ಆಗಿಲ್ಲರಿ, ಬಂಗಾರದಂಥ ಕಣ್ಣು. ಹೋಗಿ ಬರ್ರಿ" ಎಂದರು ಅವರು. ಒಳ್ಳೆಯ ಸುದ್ದಿ ಕೇಳಿ ಅಷ್ಟು ಸಪ್ಪಗಾದ ಮನುಷ್ಯನನ್ನು ನಾನು ನೋಡಿಲ್ಲ. ಮೆಟ್ಟಿಲಿಳಿಯುತ್ತ ಅವನೆಂದ: "ಕಣ್ಣು ಸರಿ ಐತೆ ಅಂದ್ರೆ ಕೈಯೇ ಕೆಟ್ಟೈತೆ."

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಇದೆ. ಸ್ಕೂಟರಿನ ಹಿಂದೆ ಕೂತ ಅಕ್ಕನಿಗೆ ತಮ್ಮನ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನು ಆವತ್ತು ಕುಗ್ಗಿತ್ತು. ಮುಖ ಕಂಡಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಬೆನ್ನಿಗೆ ಹೇಳಿಬಿಟ್ಟೆ.

"ಹಾಲೇಶ, ಆ ಕಣ್ಣು ಕೆಡಿಸಿದ್ದು ನಾನು."

ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು. "ಏನಂದಿ? ಯಾರ ಕಣ್ಣು?"

"ಡ್ರೋನಿಂದು! ವಿಭೂತಿ ಹಚ್ಚಿ ಸೆರಗಿಲೆ ಉಜ್ಜೀನಿ!"

ಎರಡನೆಯ ಸಲ ಕೂಗುವಷ್ಟರಲ್ಲಿ ಸಿಗ್ನಲ್ ಬಿದ್ದು ವಾಹನಗಳೆಲ್ಲ ನಿಂತಿದ್ದವು. ನನ್ನ ತಪ್ಪನ್ನು ಇಡೀ ಸಿಗ್ನಲ್ ಕೇಳಿಸಿಕೊಂಡಿತು. ಪಕ್ಕದ ಆಟೋದವನು ತಲೆ ಹೊರಹಾಕಿ, "ಹೋಗ್ಲಿ ಬಿಡಣ್ಣ, ಅಕ್ಕೋರು ಬೇಕಂತ ಮಾಡ್ಯಾರೇನು" ಎಂದು ತೀರ್ಪು ಕೊಟ್ಟ.

ಹಾಲೇಶ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ. ಎರಡು ಪ್ಲೇಟು ಹೇಳಿದ. ಅವನು ಉಗ್ರವಾಗಿ ಬೈಯಲಿ ಎಂದು ನಾನು ಕಾಯುತ್ತಿದ್ದೆ, ಅವನು ಮಿರ್ಚಿ ಮುರಿಯುತ್ತಿದ್ದ.

"ಹಂಗಾದ್ರೆ ನನ್ನ ಕೈ ಸರಿ ಐತೆ ಅನ್ನು."

"ಸರಿ ಐತೆ."

"ಕಣ್ಣೂ ಸರಿ ಐತೆ."

"ಡಾಕ್ಟ್ರಮ್ಮ ಹೇಳಿದ್ರಲ್ಲ."

ಅವನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದೆ. ನನ್ನ ತಪ್ಪೊಪ್ಪಿಗೆ ಯಾರಿಗಾದರೂ ಸಿಹಿ ಸುದ್ದಿಯಾಗಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆಮೇಲೆ ಕೇಳಿದ, "ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ಬೈತೀಯ ಅಂತ."

"ಬೈತಿದ್ದೆ. ಬೈದು ಸಂಜಿಗೆ ಮರೀತಿದ್ದೆ. ನೀನು ಬೈಸ್ಕೊಳ್ಳಲಿಲ್ಲ ಅಂತ ನನ್ನನ್ನ ನಾನೇ ಬೈಕೊಂಡೆ ನೋಡು." ಎಂದವನು ನನ್ನ ತಟ್ಟೆಯ ಮಿರ್ಚಿಯನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ. ನನಗಾದ ಶಿಕ್ಷೆ ಅಷ್ಟೇ.

ಕೆಲವು ದಿನಕ್ಕೆ ಕೊರಿಯರಿನಲ್ಲಿ ಹೊಸ ಲೆನ್ಸು ಬಂತು. ಕಡಲೆಕಾಳಿಗಿಂತ ತುಸು ದೊಡ್ಡದು, ಸುತ್ತಲೂ ಕೂದಲೆಳೆಯಂಥ ತಿರುಪು. ನನ್ನ ಹೊಲಿಗೆ ಮೇಜಿನ ದೀಪದ ಕೆಳಗೆ ಬಿಳಿ ಬಟ್ಟೆ ಹಾಸಿ ಕೂತೆವು. ಹಾಲೇಶ ಕ್ಯಾಮೆರಾದ ಮೇಲ್ಗಡೆಯ ಮುಚ್ಚಳ ತೆಗೆದ. ಹಳೆಯ ಲೆನ್ಸನ್ನು ಅಂಟು ಹಾಕಿ ಕೂರಿಸಿದ್ದರು. ಅಂಟು ಬಿಡಿಸಲು ಅವನ ವೈರಿಂಗ್ ಮಾಡಿ ಮಾಡಿ ದಪ್ಪಗಾದ ಬೆರಳುಗಳಿಗೆ ಆಗಲಿಲ್ಲ. ಸೂಜಿ ನನ್ನ ಕಡೆ ಚಾಚಿದ.

"ಬ್ಯಾಡಪ್ಪ, ನನ್ನ ಕೈಗೆ ಕೊಡಬ್ಯಾಡ" ಎಂದು ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಹುಕ್ಸು ಹಚ್ಚೋ ಕೈ ನಿಂದು. ಹಿಡಿ. ಮೊದ್ಲು ಸೆರಗು ಸೊಂಟಕ್ಕೆ ಸಿಗಿಸ್ಕೊ."

ಸೆರಗು ಸಿಗಿಸಿಕೊಂಡೆ. ಸೂಜಿಯ ತುದಿಯಿಂದ ಅಂಟನ್ನು ಚೂರುಚೂರಾಗಿ ಬಿಡಿಸಿ, ಲೆನ್ಸನ್ನು ಎರಡು ಉಗುರಿನಲ್ಲಿ ಹಿಡಿದು ತಿರುಗಿಸಿದೆ. ಹೊರಬಂದಾಗ ಅದರ ತಿರುಪಿನ ಸಂದಿನಲ್ಲಿ ಒಣಗಿದ ವಿಭೂತಿ, ನಡುವೆ ಚೂರು ಕುಂಕುಮ. ಹಾಲೇಶ ಅದನ್ನು ದೀಪಕ್ಕೆ ಹಿಡಿದು, "ಒಳಗಿನ ಗರ್ಭಗುಡಿಗೂ ಪೂಜೆ ಮಾಡೀಯಲ್ಲಕ್ಕ" ಎಂದ. ಕೆಡಿಸಿದ ಕೈಗೇ ರಿಪೇರಿಯನ್ನೂ ಒಪ್ಪಿಸುವವನು ಇನ್ನೇನು ಹೇಳಿಯಾನು. ಆ ಹೊತ್ತು ನನ್ನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಸೆರಗು ಸೊಂಟದಲ್ಲಿತ್ತು.

ಶಿಲ್ಪಿಗಳು ವಿಗ್ರಹದ ಮೈಯೆಲ್ಲ ಮುಗಿಸಿ ಕಡೆಗೆ ಕಣ್ಣು ತೆರೆಯುತ್ತಾರೆಂದು ಕೇಳಿದ್ದೇನೆ. ಕಣ್ಣಿಲ್ಲದಿದ್ದರೆ ಕಲ್ಲು, ಕಣ್ಣಿಟ್ಟರೆ ದೇವರು. ಹೊಸ ಲೆನ್ಸು ಕೂರಿಸಿ ಮಹಡಿಗೆ ಹೋಗುವಾಗ ನನಗೂ ಅಂಥದೇ ಭಯಭಕ್ತಿ. ಡ್ರೋನನ್ನು ಗೋಡೆಯ ಮೇಲಿಟ್ಟು, ಅದರ ಮುಖವನ್ನು ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿದೆವು. ಟ್ಯಾಂಕಿಗೊಂದು ಕಬ್ಬಿಣದ ಏಣಿ. ಅದರ ಮೆಟ್ಟಿಲುಗಳು ಒಂದೊಂದೇ ಬಿಡಿಬಿಡಿಯಾಗಿ ಕಂಡರೆ ಫೋಕಸ್ ಸರಿ. ಹಾಲೇಶ ಫೋನಿನ ಪರದೆ ನೋಡುತ್ತ ಹೇಳುವುದು, ನಾನು ಲೆನ್ಸು ತಿರುಗಿಸುವುದು.

"ತಿರುವು... ಇನ್ನೊಂಚೂರು... ಬಂತು ಬಂತು... ಅಯ್ಯೋ ಹೋತು! ಹಿಂದಕ್ಕೆ ತಗೋ. ಅಷ್ಟಲ್ಲಕ್ಕ! ನೂಲಿನಾಗ ಅರ್ಧ!"

"ಬಂದಾಗ ನಿಲ್ಸು ಅನ್ನಬೇಕಪ್ಪ!"

"ಬಂದೈತೆ ಅಂತ ಗೊತ್ತಾಗೋದೇ ಅದು ಹೋದ ಮ್ಯಾಲೆ!"

ತಮಾಷೆಗೆ ಹೇಳಿದ್ದೇನೋ, ಆದರೆ ಫೋಕಸಿನ ಗುಟ್ಟೇ ಅದು. ನೇರ ಹೋಗಿ ಸರಿಯಾದ ಜಾಗದಲ್ಲಿ ನಿಲ್ಲಲು ಯಾರಿಗೂ ಬರುವುದಿಲ್ಲ. ಮಂಜಿನಿಂದ ಸ್ಪಷ್ಟಕ್ಕೆ ಬಂದು, ಅದನ್ನು ದಾಟಿ ಮತ್ತೆ ಮಂಜಿಗೆ ಹೋಗಬೇಕು. ದಾಟಿದ್ದು ಗೊತ್ತಾದ ಮೇಲೆ ನಾಚಿಕೆ ಬಿಟ್ಟು ಹಿಂದೆ ಬರಬೇಕು. ಆಯುಧ ಪೂಜೆಯಿಂದ ಸಿಗ್ನಲ್‌ವರೆಗೆ ನಾನು ದಾಟಿಕೊಂಡು ಹೋದದ್ದು ಎಷ್ಟು ದೂರ! ಹಿಂದೆ ಬಂದಾಗ ದಾರಿ ಬಿಟ್ಟವನು ನನ್ನ ತಮ್ಮ.

ಏಣಿಯ ಮೆಟ್ಟಿಲುಗಳು ಬಿಡಿಸಿಕೊಂಡು ನಿಂತವು. ಅದರ ಮೇಲೆ ಕೂತ ಕಾಗೆಯ ಕೊಕ್ಕೂ ಕಂಡಿತು. ಲೆನ್ಸು ಅಲುಗದಂತೆ ಹಿಡಿದೆ. ತಿರುಪು ಬಿಗಿಯಾಗಿ ನಿಲ್ಲಲು ಒಂದು ತೊಟ್ಟು ಉಗುರುಬಣ್ಣ ಸಾಕಂತೆ, ನನ್ನ ಡಬ್ಬಿಯಲ್ಲಿದ್ದದ್ದು ಕೆಂಪು. ಹಾಲೇಶ ಬಾಟಲಿ ತೆರೆದು ಕೊಟ್ಟು, "ಈಗ ಇಡಕ್ಕ ನಿನ್ನ ಕುಂಕುಮ, ಅಂಚಿಗೆ ಮಾತ್ರ" ಎಂದ.

ಮುಂದಿನ ವಾರ ಇಬ್ಬರೂ ಹರಿಹರಕ್ಕೆ ಹೋದೆವು. ಹೊಳೆಯ ದಂಡೆಯಲ್ಲಿ ಯಜಮಾನರ ಎದುರೇ ಹಾಲೇಶ ಡ್ರೋನು ಹಾರಿಸಿದ.  ಪರದೆಯಲ್ಲಿ ಸೇತುವೆಯ ಕಂಬಿಗಳು, ಹೊಳೆಯ ಸಣ್ಣ ಸಣ್ಣ ಅಲೆಗಳು, ಆಮೇಲೆ ಕೆಳಗೆ ನಿಂತ ನಾವು. ಯಜಮಾನರು ಬಗ್ಗಿ ನೋಡಿದವರು ಗಾಬರಿಯಿಂದ ತಲೆ ಮುಟ್ಟಿಕೊಂಡರು. "ಲೇ, ನನ್ನ ಬೋಳು ಇಷ್ಟು ದೊಡ್ಡದೈತೇನೋ? ಮದುವಿ ದಿನ ಪೇಟ ಸುತ್ಕೊಂಡೇ ಇರ್ತೀನಿ ತಗೋ. ನೀನೇ ಬಾ."

ಹಾಲೇಶ ನಕ್ಕ. ಎಷ್ಟೋ ದಿನದ ಮೇಲೆ ಅವನ ಹೆಗಲು ತನ್ನ ಜಾಗಕ್ಕೆ ಬಂದು ನಿಂತಿತ್ತು.

"ಯಾರ ಹತ್ರ ರಿಪೇರಿ ಮಾಡಿಸ್ದಿ?" ಎಂದು ಯಜಮಾನರು ಕೇಳಿದರು.

"ನಮ್ಮಕ್ಕ ಮಾಡಿದ್ದು ರೀ."

"ಹೌದೇನಮ್ಮಾ? ಭೇಷ್! ಮತ್ತೆ ಕೆಟ್ಟಿದ್ದು ಹೆಂಗೆ?"

ನಾನು ಬಾಯಿ ತೆರೆದೆ. ಹಾಲೇಶ ಬಗ್ಗಿ ಡ್ರೋನಿನ ರೆಕ್ಕೆ ಬಿಚ್ಚುತ್ತ, ತಲೆ ಎತ್ತದೆಯೇ ಹೇಳಿದ: "ಹಳೇದಾಗಿತ್ತು ರೀ."

ಅರ್ಧ ಹರಿ, ಅರ್ಧ ಹರ ಒಂದೇ ಮೈಯಾಗಿ ನಿಂತ ಊರು ಅದು. ಅಲ್ಲಿ ತಮ್ಮ ನನ್ನ ಬಗ್ಗೆ ಒಳ್ಳೆಯ ಅರ್ಧವನ್ನು ಮಾತ್ರ ಹೇಳಿದ. ಉಳಿದರ್ಧವನ್ನು ನಾನು ಇಲ್ಲಿ ಪತ್ರಿಕೆಗೆ ಬರೆದು ಹೇಳಿದ್ದೇನೆ. ಯಜಮಾನರು ಪತ್ರಿಕೆಯಲ್ಲಿ ಮೆಕ್ಕೆಜೋಳದ ಧಾರಣೆ ಬಿಟ್ಟು ಬೇರೇನೂ ಓದುವುದಿಲ್ಲವಂತೆ. ಓದಿದರೂ ಓದಲಿ. ಹಾಲೇಶ ಸುಳ್ಳು ಹೇಳಿದನೆಂದು ತಿಳಿದರೆ, ಯಾರಿಗಾಗಿ ಹೇಳಿದನೆಂಬುದೂ ತಿಳಿಯುತ್ತದೆ.