ತಿವಾ ನದಿಗೆ ಹೆದರಿದ್ದು

ಕುಮಾಸಿ ಪಟ್ಟಣದ ಅಸಾಫೋ ಪೇಟೆಯಲ್ಲಿ ವಿಗ್ ಹೆಣೆದೇ ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಅಕೊಸುವಾ ತಿವಾಗೆ ಚರ್ಚಿನ ಮುಂದಿನ ಬೆಂಚು ಸಿಗಲು ಇಪ್ಪತ್ತೆರಡು ವರ್ಷ ಹಿಡಿಯಿತು. ಆ ಚರ್ಚಿನ ಸಭೆಯಲ್ಲಿ ಹೆಂಗಸರು ವಿಗ್ ಹಾಕುವಂತಿಲ್ಲ. ನಾನು ಹೆಣೆಯುವುದು ಲೋಕದವರಿಗೆ, ಸಭೆಯವರಿಗಲ್ಲ ಎಂದು ವಾದಿಸಿ, ಹಿರಿಯರ ಮನೆಗೆ ಅಲೆದು ಚಪ್ಪಲಿ ಸವೆಸಿ, ಕೊನೆಗೂ ಮುಂದಿನ ಬೆಂಚಿನ ಹಕ್ಕಿರುವ ಡೀಕನೆಸ್, ಅಂದರೆ ಸಭೆಯ ಸೇವಕಿ, ಆದಳು. ಆ ಬೆಂಚಿನ ಮೇಲೆ ಕೂತರೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಅದೇ ಸಭೆಯ ಹೆಮ್ಮೆಯ ಗಾಯಕಿ ಸಿಸ್ಟರ್ ಬೆನೆಡಿಕ್ಟಾ. ದೇವರು ಕೊಟ್ಟ ಕೂದಲೇ ಹೆಣ್ಣಿಗೆ ಕಿರೀಟ ಎಂಬ ಅವಳ ಹಾಡು ವ್ಯಾನುಗಳಲ್ಲಿ, ಸಾವಿನ ಮನೆಗಳಲ್ಲಿ, ಬಿಯರ್ ಅಂಗಡಿಗಳಲ್ಲೂ ಮೊಳಗುತ್ತಿತ್ತು. ಆ ಕಿರೀಟವನ್ನು ಹೆಣೆದವಳು ತಿವಾ. ಕೆಮಿಕಲ್ ಹಚ್ಚಿ ಹಚ್ಚಿ ಬೆನೆಡಿಕ್ಟಾಳ ಸ್ವಂತ ಕೂದಲು ಎಂದೋ ಕೈಕೊಟ್ಟಿತ್ತು. ಏಳು ವರ್ಷದಿಂದ ಅವಳು ತಿವಾಳ ಮನೆಯ ಹಿತ್ತಿಲ ಬಾಗಿಲಿನಿಂದ ಬಂದು ವಿಗ್‌ಗೆ ತಲೆಯ ಅಳತೆ ಕೊಟ್ಟು ಹೋಗುತ್ತಿದ್ದಳು. ತನ್ನ ಕೈಕೆಲಸವನ್ನು ಊರೆಲ್ಲ ದೇವರ ಲೆಕ್ಕಕ್ಕೆ ಬರೆದಾಗ ತಿವಾ ಕೂಡ ಆಮೆನ್ ಎನ್ನುತ್ತಿದ್ದಳು.

ಕಡಲ ತೀರದ ಟಕೊರಾಡಿಯ ಸಂಗೀತ ಕಛೇರಿಯಲ್ಲಿ ಗಾಳಿ ಬೀಸಿ ಬೆನೆಡಿಕ್ಟಾಳ ಕಿರೀಟ ನಾಲ್ಕು ಬೆರಳು ಪಕ್ಕಕ್ಕೆ ಸರಿಯಿತು. ಯಾರೋ ಫೋನಿನಲ್ಲಿ ಚಿತ್ರ ಹಿಡಿದೂಬಿಟ್ಟರು. ಬೆಳಗಿನ ರೇಡಿಯೋ ಕಾರ್ಯಕ್ರಮ ನಡೆಸುವ ಒಪಾಂಗ್‌ಗೆ ಹಬ್ಬವೇ ಹಬ್ಬ. ಮೂರು ದಿನ ಜನ ಫೋನ್ ಮಾಡಿ ಮಾಡಿ ಕಪಟಿ ಎಂದು ಬೈದರು. ನಾಲ್ಕನೆಯ ದಿನ ಬೆನೆಡಿಕ್ಟಾ ಹಿತ್ತಿಲಲ್ಲಿ ಪ್ರತ್ಯಕ್ಷಳಾದಳು. ಅದು ನನ್ನದೇ ಕೂದಲು ಎಂದು ಡೀಕನೆಸ್ ಒಬ್ಬಳು ಬೈಬಲ್ ಮುಟ್ಟಿ ರೇಡಿಯೋದಲ್ಲಿ ಹೇಳಿದರೆ ಊರು ನಂಬುತ್ತದೆ ಎಂದು ಕಾಲಿಗೆ ಬಿದ್ದಳು. ನಿಜ ಹೊರಬಿದ್ದರೆ ನನ್ನ ಹಾಡು ಹೋಗುತ್ತದೆ, ನಿಮ್ಮ ಬೆಂಚೂ ಹೋಗುತ್ತದೆ ಎಂದಳು. ಬೆಂಚಿನ ಮಾತು ಬಂದದ್ದೇ ತಿವಾ ಮೆತ್ತಗಾದಳು. ದೇವರ ಹತ್ತಿರ ಆಮೇಲೆ ಮಾತಾಡಿಕೊಂಡರಾಯಿತು ಎಂದುಕೊಂಡು ಹೊರಟಳು.

ರೇಡಿಯೋ ಕೋಣೆಯಲ್ಲಿ ಬೈಬಲಿನ ಮೇಲೆ ಕೈಯಿಟ್ಟು ಇನ್ನೇನು ಬಾಯಿ ತೆರೆಯಬೇಕು, ಒಂದು ಫೋನ್ ಬಂತು. ಬಂಟಾಮಾ ಸಂತೆಯಲ್ಲಿ ಟೊಮೆಟೊ ಮಾರುವ ಮುದುಕಿ.

"ಬೈಬಲ್ ಬೇಡ ಒಪಾಂಗ್. ಅದನ್ನ ಮಂತ್ರಿಗಳೂ ಮುಟ್ತಾರೆ. ಅಂಟೊವಾ ನದಿ ಮೇಲೆ ಆಣೆ ಮಾಡ್ಲಿ, ನೋಡೋಣ."

ಅಂಟೊವಾ ಎಂದರೆ ಕುಮಾಸಿಯಲ್ಲಿ ಕಳ್ಳನೂ ಕದ್ದ ಕೋಳಿಯನ್ನು ವಾಪಸು ತಂದಿಡುತ್ತಾನೆ. ನದಿಯ ಹೆಸರೆತ್ತಿ ಸುಳ್ಳು ಹೇಳಿದವರ ಹೊಟ್ಟೆ ವಾರದೊಳಗೆ ಊದಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಬರೀ ಮೂಢನಂಬಿಕೆ ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳು ತಿವಾಳೇ. ಈಗ ಅವಳ ಕೈ ಮೆಲ್ಲಗೆ ಬೈಬಲಿನಿಂದ ಮೇಲೆದ್ದಿತು.

"ಇದು ನನ್ನಿಂದಾಗಲ್ಲ. ಆ ಕೂದಲು ನಾನೇ ಹೆಣೆದಿದ್ದು," ಎಂದಳು.

"ಹಾಗಾದ್ರೆ ಬೈಬಲ್ ಮೇಲೆ ಸುಳ್ಳು ಹೇಳ್ತಿದ್ರಾ ಅಮ್ಮ?" ಎಂದ ಒಪಾಂಗ್.

"ದೇವರು ಕ್ಷಮಿಸ್ತಾನೆ ಕಣಪ್ಪ. ನದಿಗೆ ಆ ಅಭ್ಯಾಸ ಇಲ್ಲ."

ಊರು ಹೊಟ್ಟೆ ಹಿಡಿದು ನಕ್ಕಿತು. ಬೆನೆಡಿಕ್ಟಾ ಮರುದಿನವೇ ರೇಡಿಯೋದಲ್ಲಿ ಅತ್ತಳು, ಅಳುತ್ತಲೇ ಒಂದು ಹೊಸ ಹಾಡು ಹಾಡಿದಳು. ಎಲ್ಲರೂ ಕ್ಷಮಿಸಿದರು. ಹಾಡುವವರ ಕಣ್ಣೀರಿಗೆ ನಮ್ಮೂರು ಬೇಗ ಕರಗುತ್ತದೆ. ಹೆಣೆಯುವವಳ ಕಣ್ಣೀರನ್ನು ಯಾರು ಕೇಳುತ್ತಾರೆ? ಕಪಟಿ ಎಂಬ ಹೆಸರು ಬೆನೆಡಿಕ್ಟಾಳನ್ನು ಬಿಟ್ಟು ತಿವಾಳ ಹೆಗಲೇರಿ ಕೂತಿತು.

ಶನಿವಾರ ಒಂಬತ್ತು ಜನ ಹಿರಿಯರು ಅವಳನ್ನು ಕರೆಸಿದರು. ವಿಗ್‌ನ ತಪ್ಪನ್ನು ಮರೆಯಬಹುದು, ಆದರೆ ದೇವರಿಗಿಂತ ನದಿಗೆ ಹೆಚ್ಚು ಹೆದರುವವಳು ಮುಂದಿನ ಬೆಂಚಿನಲ್ಲಿ ಕೂರುವುದು ಹೇಗೆ ಎಂದು ಮುಖ್ಯ ಹಿರಿಯರು ಕೇಳಿದರು. ಇಪ್ಪತ್ತೆರಡು ವರ್ಷ ಒಂದೇ ಏಟಿಗೆ ನೀರಿಗೆ ಬಿದ್ದಂತೆ ತಿವಾಗೆ ಸಂಕಟವಾಯಿತು. ಅಂಗೈಯಲ್ಲೇ ಕಣ್ಣೊರೆಸಿಕೊಂಡು ಎದ್ದಳು.

"ನ್ಯಾಯವೇ ಅಣ್ಣಂದಿರಾ, ನಾನು ಹಿಂದೆ ಹೋಗಿ ಕೂತ್ಕೋತೀನಿ. ಆದ್ರೆ ನದಿಗೆ ಹೆದರದೋರು ನಿಮ್ಮಲ್ಲಿ ಒಬ್ಬರಾದ್ರೂ ಅದರ ಹೆಸರೆತ್ತಿ ಹೇಳಿ, ತಾವು ಯಾವತ್ತೂ ಕಪಟ ಮಾಡಿಲ್ಲ ಅಂತ. ಆಮೇಲೆ ಹೋಗ್ತೀನಿ."

ಒಬ್ಬರು ಕನ್ನಡಕ ಒರೆಸತೊಡಗಿದರು. ಇನ್ನೊಬ್ಬರಿಗೆ ಕೆಮ್ಮು ಬಂತು. ಮುಖ್ಯ ಹಿರಿಯರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ಪ್ರಾರ್ಥನೆ ಮಾಡಿ ಮುಗಿಸೋಣ," ಎಂದರು.