ಶೇಂಗಾ ಅಂಗಳದ ಕಾಲೇಜು ಪಾಠ

ಗೋಪಮ್ಮನಿಗೆ ಓದಿನ ಹುಚ್ಚು ಹಿಡಿಸಿದವನು ನಾನು ಎಂದು ಅರಕೇರಾದಲ್ಲಿ ಇವತ್ತಿಗೂ ಹೇಳುತ್ತಾರೆ. ಶುದ್ಧ ಸುಳ್ಳು. ನಾನು ಅಲ್ಲಿಯ ಹೈಸ್ಕೂಲಿನ ಕನ್ನಡ ಮಾಸ್ತರ, ಮಾನ್ವಿ ತಾಲೂಕಿನ ಕಲ್ಲೂರಿನಿಂದ ಬಂದವನು, ನೀತಿ ಹೇಳದ ಪುಸ್ತಕವೆಲ್ಲ ರದ್ದಿ ಎಂದು ನಂಬಿದ್ದವನು. ಹತ್ತನೆಯ ತರಗತಿಯ ಗೋಪಮ್ಮನಿಗೆ ನಾನು ಕೊಟ್ಟದ್ದು ಎರಡು ಪುಸ್ತಕ. ಒಂದು ಶುಚಿತ್ವದ ಮೇಲೆ, ಇನ್ನೊಂದು ಶಿಸ್ತಿನ ಮೇಲೆ. ವಾರ ಕಳೆಯುವುದರೊಳಗೆ ಎರಡನ್ನೂ ವಾಪಸು ತಂದಳು.

"ಓದಿದೇನು?" ಎಂದೆ.

"ಓದೀನ್ರಿ ಸರ್. ನಿದ್ದಿ ಛಲೋ ಬಂತ್ರಿ."

ತರಗತಿ ಘೊಳ್ಳೆಂದು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ದೇವದುರ್ಗದ ಗ್ರಂಥಾಲಯಕ್ಕೆ ಸೇರಲು ಯಾರಾದರೂ ಜಾಮೀನು ನಿಲ್ಲಬೇಕೆಂದು ಅವಳು ಬಂದಾಗ ಸಹಿ ಹಾಕಿಕೊಟ್ಟೆ. ಅಲ್ಲಿಯೂ ಹೋಗಿ ನಿದ್ದೆ ಮಾಡಲಿ ಎಂದುಕೊಂಡೆ.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಶಾಮೀದಸಾಬ ನನ್ನಷ್ಟು ಕಲಿತವನಲ್ಲ. ಆದರೆ ಪುಸ್ತಕ ಕೊಡುವ ಮೊದಲು ಅವಳನ್ನು ಒಂದು ಮಾತು ಕೇಳಿದನಂತೆ. "ನಿನಗ ಅಳೂದು ಸೇರ್ತದೋ, ನಗೂದು ಸೇರ್ತದೋ, ಅಂಜೂದು ಸೇರ್ತದೋ?" ಹದಿನಾಲ್ಕು ವರ್ಷ ಪಾಠ ಮಾಡಿದ ನಾನು ಒಂದು ಮಗುವನ್ನೂ ಹೀಗೆ ಕೇಳಿರಲಿಲ್ಲ. "ಮೂರೂ ರೀ" ಎಂದಳಂತೆ ಹುಡುಗಿ. ಅವನು ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದನ್ನು ಕೈಗಿಟ್ಟ. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಒಂದು ಮುಗಿಸಿ ಇನ್ನೊಂದು ತರುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಗೋಪಮ್ಮ ತಾಯಿ ಅಮರಮ್ಮನ ಜೊತೆ ವಿರೂಪಣ್ಣನವರ ಅಂಗಳಕ್ಕೆ ಶೇಂಗಾ ಸುಲಿಯಲು ಹೋಗತೊಡಗಿದಳು. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆಂದು ಬಿತ್ತನೆಯ ಕಾಯಿಯನ್ನು ಹೆಂಗಸರು ಕೈಯಲ್ಲೇ ಸುಲಿಯುತ್ತಿದ್ದರು. ಆ ಅಂಗಳದ ಪದ್ಧತಿ ಏನೆಂದರೆ, ಯಾರು ಹಾಡುತ್ತಾರೋ ಅವರ ಪಾಲಿನ ಕಾಯಿಯನ್ನು ಉಳಿದವರು ಸುಲಿದುಕೊಡಬೇಕು. ಗೋಪಮ್ಮನ ಹಾಡು ಕೇಳಿದರೆ ಕೋಳಿಗಳೂ ಎದ್ದು ಹೋಗುತ್ತಿದ್ದವು. ಅದಕ್ಕೇ ಹಾಡಿನ ಬದಲು ಅವಳು ಗ್ರಂಥಾಲಯದ ಪತ್ತೇದಾರಿ ಪುಸ್ತಕ ತೆಗೆದು ಗಟ್ಟಿಯಾಗಿ ಓದಲು ಕೂತಳು.

"ಯಾವ ಪುಸ್ತಕಬೇ ಇದು?" ಎಂದಳು ಅಮರಮ್ಮ.

ಕೆಲಸ ಬಿಟ್ಟು ಕಥೆ ಓದುತ್ತೇನೆ ಎಂದರೆ ಬೈಗುಳ ಖಾತ್ರಿ. "ಕಾಲೇಜಿನ ಪಾಠಬೇ. ಮುಂಚೇನ ಓದಾಕತ್ತೀನಿ" ಎಂದುಬಿಟ್ಟಳು. ಅಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಎಲ್ಲರೂ ನಂಬಿದರು.

ಇದೆಲ್ಲ ನನಗೆ ಗೊತ್ತಾದದ್ದು ಫಲಿತಾಂಶ ಬಂದ ಮೇಲೆ. ಗೋಪಮ್ಮ ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದಳು. ರಾಯಚೂರಿನ ಕಾಲೇಜಿಗೂ ಹಾಸ್ಟೆಲ್ಲಿಗೂ ಅರ್ಜಿ ಹಾಕಲು ಮರುದಿನವೇ ಕೊನೆ. ಅರ್ಜಿ ನನ್ನ ಬಳಿಯೇ ಇತ್ತು, ಅದಕ್ಕೆ ತಾಯಿಯ ಹೆಬ್ಬಟ್ಟು ಬೇಕಿತ್ತು. ಅವರ ಮನೆತನದಲ್ಲಿ ಯಾವ ಹುಡುಗಿಯೂ ಅಷ್ಟು ದೂರ ಓದಲು ಹೋದದ್ದಿಲ್ಲ. ಅಮರಮ್ಮ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಆ ದಿನ ಬೆಳಿಗ್ಗೆ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಮಗಳು ಪಕ್ಕದಲ್ಲಿ ನಿಂತಳು.

"ಮಾಸ್ತರ್ರಿ, ಆ ಪಾಠ ಭಾಳ ಛಲೋ ಅದರಿ. ಬರದವರ ಹೊಟ್ಟಿ ತಣ್ಣಗಿರಲಿ."

"ಯಾವ ಪಾಠ?"

"ಅದರೀ, ಕಾಲೇಜಿಂದು. ಮದುವಿ ಮನ್ಯಾಗ ಬಂಗಾರದ ಡಾಬು ಕಳೀತದಲ್ಲ, ಅದು."

ನಾನು ಗೋಪಮ್ಮನನ್ನು ನೋಡಿದೆ. ಅವಳು ನೆಲ ನೋಡಿದಳು. ನನಗೆ ತಕ್ಷಣ ಅರ್ಥವಾಯಿತು. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಮರಮ್ಮ ಕಥೆ ಶುರುಮಾಡಿಯೇಬಿಟ್ಟಿದ್ದಳು. ಡಾಬು ಕಳೆದದ್ದು, ಪಾತ್ರೆ ತಿಕ್ಕುವ ಹೆಂಗಸಿನ ಮೇಲೆ ಎಲ್ಲರೂ ಬೆರಳು ತೋರಿಸಿದ್ದು, ಆಕೆ ಕದ್ದಿಲ್ಲವೆಂದು ಮದುಮಗಳೇ ಎದ್ದು ನಿಂತು ಅರಿಶಿಣದ ಮೈಯಲ್ಲೇ ಕಳ್ಳನನ್ನು ಹುಡುಕಲು ಹೊರಟದ್ದು. ಒಬ್ಬೊಬ್ಬರ ದನಿಯನ್ನೂ ತಾನೇ ಮಾಡಿ ತೋರಿಸಿದಳು. ಅಂಗಳದಲ್ಲಿ ಕೇಳುತ್ತ ಕೂತಿದ್ದ ದಾವಲ್ ಬೀ ಅನ್ನುವ ಹೆಂಗಸು ಕಾಯಿ ಸುಲಿಯುವುದನ್ನೇ ಬಿಟ್ಟು, "ಆ ಬಡವಿ ಕದ್ದಿಲ್ಲ, ನಾ ಬರದು ಕೊಡ್ತೀನಿ" ಎಂದು ಅತ್ತಳಂತೆ. ಮದುಮಗಳು ಅಟ್ಟದ ಬಾಗಿಲಿಗೆ ಕೈ ಹಾಕಿದಲ್ಲಿಗೆ ಅಮರಮ್ಮ ಕಥೆ ನಿಲ್ಲಿಸಿದಳು.

"ಮುಂದ?" ಎಂದೆ. ನಾಚಿಕೆಗೆಟ್ಟು ಇನ್ನೊಮ್ಮೆ ಕೇಳಿದೆ. "ಅಟ್ಟದ ಮ್ಯಾಲ ಯಾರಿದ್ರು?"

"ಅಲ್ಲೀಮಟಾನ ಓದ್ಯಾಳ್ರಿ." ಅಮರಮ್ಮ ನನ್ನ ಮುಖವನ್ನೇ ನೋಡಿದಳು. "ನಾ ಒಂದ ಮಾತು ಕೇಳಾಕ ಬಂದೀನ್ರಿ. ಕಾಲೇಜಿನಾಗ ಇಂಥ ಪಾಠನ ಇರ್ತಾವೇನು? ನೀವು ಮೊದಲ ಕೊಟ್ಟಿದ್ರಲ್ಲ, ಅಂಥಾವಿದ್ರ ನಾ ಕಳಸಂಗಿಲ್ಲ. ಅವನ್ನ ಓದುವಾಗ ನನ್ನ ಮಗಳು ಜ್ವರ ಬಂದಾಕಿಯಂಗ ಬಿದ್ದಿರ್ತಿದ್ಲು. ಇದನ್ನ ಓದುವಾಗ ಆಕಿ ಮಾರಿ ನೀವು ನೋಡಬೇಕಿತ್ತರಿ. ಇಂಥಾವಿದ್ರ ಹೋಗಲಿ. ಇಲ್ಲಂದ್ರ ನನ್ನ ಜೊತಿ ಇರಲಿ."

ಕಾಲೇಜಿನಲ್ಲಿ ಏನಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು: ಮುಕ್ಕಾಲು ಪಾಲು ನಾನು ಕೊಟ್ಟಂಥವೇ. ನಿಜ ಹೇಳಿದರೆ ಹುಡುಗಿಯ ಓದು ಈ ಕಟ್ಟೆಯ ಮೇಲೇ ಮುಗಿಯುತ್ತಿತ್ತು.

"ಇಂಥಾವೇ ಅದಾವವ್ವ" ಎಂದೆ. "ಇದಕ್ಕಿಂತ ಛಲೋವೂ ಅದಾವ. ಇದು ಪಾಠನ ಹೌದು."

ಅಷ್ಟರಲ್ಲಿ ಆ ಪೆದ್ದಿಯ ಪ್ರಾಮಾಣಿಕತೆ ಉಕ್ಕಿತು. "ಯವ್ವಾ, ಅದು ಪಾಠ ಅಲ್ಲಬೇ! ಕಥಿ ಪುಸ್ತಕ. ನಾ ನಿನಗ ಸುಳ್ಳು ಹೇಳೀನಿ" ಎಂದು ಅಳತೊಡಗಿದಳು. ನನಗೆ ಎದ್ದು ಒಳಗೆ ಓಡಿಹೋಗಬೇಕೆನಿಸಿತು.

ಅಮರಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೆರಗಿಗೆ ಹೆಬ್ಬೆರಳು ಒರೆಸಿಕೊಂಡಳು.

"ಸುಮ್ನಿರಬೇ. ಮಾಸ್ತರ್ರು ಪಾಠ ಅಂದಾರ. ಅವರಿಗಿಂತ ನೀ ಶ್ಯಾಣ್ಯಾಕಿ ಆದೇನು? ರೀ, ಹೆಬ್ಬಟ್ಟು ಎಲ್ಲಿ ಒತ್ತಬೇಕು ತೋರಸ್ರಿ."