ಮನ್ಸೂರಾದ ಮೆಟ್ಟಿಲ ಮೇಲೊಂದು ಸ್ಕಾಟ್ಲೆಂಡ್

ಮೊನ್ನೆ ದೋಹಾದ ಮಾಲೊಂದರಲ್ಲಿ ಮಳೆ ಜಾಕೆಟ್ಟುಗಳಿಗೆ ಅರ್ಧ ಬೆಲೆ ಎಂದು ಬೋರ್ಡು ಹಾಕಿದ್ದರು. ಈ ಊರಿನಲ್ಲಿ ಪೂರ್ತಿ ಬೆಲೆ ಕೊಟ್ಟು ಅದನ್ನು ಕೊಂಡ ಪುಣ್ಯಾತ್ಮರು ಯಾರಿರಬಹುದು ಎಂದು ನಗು ಬಂತು. ಕೊಳ್ಳುವ ಉದ್ದೇಶವೇನೂ ಇಲ್ಲದೆ ಒಂದನ್ನು ಕೈಗೆತ್ತಿಕೊಂಡು ಮೂಸಿದೆ. ಬಟ್ಟೆಯನ್ನು ಮೂಸಿ ನೋಡುವ ಚಾಳಿ ನನಗೆ ಅಮ್ಮನಿಂದ ಬಂದದ್ದು, ನೀವು ನಗಬಾರದು. ರಬ್ಬರು, ಮೇಣ, ಜೊತೆಗೆ ಮಡಿಸಿಟ್ಟ ಹಳೆಯ ಟೆಂಟಿನ ವಾಸನೆ. ಅದು ಕ್ಯಾಲಮ್ ಅವರ ಬೆನ್ನುಚೀಲದ ವಾಸನೆ. ಜಾಕೆಟ್ಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಹುಡುಗಿ ಬಂದು, ಯೂರೋಪಿಗೆ ಹೊರಟಿದ್ದೀರಾ ಎಂದು ಕೇಳಿದಳು. "ಇಲ್ಲ, ಮನ್ಸೂರಾಕ್ಕೆ" ಎಂದೆ. ಅದು ಇದೇ ದೋಹಾದ ಒಂದು ಬಡಾವಣೆ. ಪಾಪ, ಅವಳು ನಯವಾಗಿ ಪಕ್ಕದ ಗಿರಾಕಿಯ ಕಡೆ ಸರಿದಳು.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮವರು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಎಂಜಿನಿಯರ್. ಕ್ಯಾಲಮ್ ಅಲ್ಲಿಯೇ ಸುರಕ್ಷತೆಯ ತರಬೇತಿ ಕೊಡುತ್ತಿದ್ದ ಸ್ಕಾಟ್ಲೆಂಡಿನವರು. ಐವತ್ತು ದಾಟಿದ, ಉದ್ದ ಕಾಲಿನ, ಕಡಿಮೆ ಮಾತಿನ ಮನುಷ್ಯ. ದೋಹಾಕ್ಕೆ ಬರುವ ಮುಂಚೆ ಅವರ ಕಸುಬೇ ಬೇರೆಯಾಗಿತ್ತು. ರಜೆಗೆಂದು ಬರುವವರನ್ನು ಗುಂಪು ಕಟ್ಟಿಕೊಂಡು ತಮ್ಮ ಊರಿನ ಬೆಟ್ಟಗಳಲ್ಲಿ ವಾರಗಟ್ಟಲೆ ನಡೆಸುವುದು, ಸಂಜೆ ಕ್ಷೇಮವಾಗಿ ವಸತಿಗೃಹಕ್ಕೆ ತಂದು ಸೇರಿಸುವುದು. ಹೀಗೂ ಒಂದು ಉದ್ಯೋಗವಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಮೈಸೂರಿನವಳು. ನನಗೆ ಬೆಟ್ಟವೆಂದರೆ ಚಾಮುಂಡಿ ಬೆಟ್ಟ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಹೋದರೆ ಮೇಲೆ ತಲುಪಿಯೇ ತಲುಪುತ್ತೇವೆ, ದಾರಿ ತೋರಿಸಲು ಸಂಬಳದವರು ಯಾಕೆ ಬೇಕು?

ಮೊಣಕಾಲಿಗೆ ಆಪರೇಷನ್ ಆದ ಮೇಲೆ ಅವರು ಬೆಟ್ಟ ಬಿಟ್ಟು ಈ ಚಪ್ಪಟೆ ದೇಶಕ್ಕೆ ಬಂದಿದ್ದರು. ಆ ವರ್ಷ ಅವರ ಹಳೆಯ ಕಂಪನಿ ಮತ್ತೆ ಕರೆದಿತ್ತು. ಮುಂದಿನ ಬೇಸಿಗೆಗೆ ಗುಂಪುಗಳನ್ನು ನಡೆಸಲು ಬರುತ್ತೀರಾ, ಸೆಪ್ಟೆಂಬರಿನೊಳಗೆ ಹೂಂ ಅಥವಾ ಊಹೂಂ ತಿಳಿಸಿ ಎಂದು. ಒಂದು ಶುಕ್ರವಾರ ಅಲ್ ಅಜೀಜಿಯಾದ ನಮ್ಮ ಮನೆಗೆ ಊಟಕ್ಕೆ ಬಂದವರು ಈ ವಿಷಯ ಹೇಳಿ, ತಟ್ಟೆಯ ಬಿಸಿಬೇಳೆಬಾತನ್ನು ಚಮಚದಿಂದ ಸುಮ್ಮನೆ ಆಚೆ ಈಚೆ ಸರಿಸುತ್ತ ಕುಳಿತರು. ಕಾಲು ಒಪ್ಪಿದರೆ ಹೋಗುವುದು. ಒಪ್ಪುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಬೆಟ್ಟ ಬೇಕಲ್ಲ! ಜೂನ್ ತಿಂಗಳಲ್ಲಿ, ಕತಾರಿನಲ್ಲಿ!

ಅಂದು ಊಟಕ್ಕೆ ಶಾಲಿನಕ್ಕನೂ ಇದ್ದರು. ಉಡುಪಿ ಕಡೆಯವರು, ಗಂಡನ ಜೊತೆ ಗಾಡಿಯ ಬಿಡಿಭಾಗಗಳ ವ್ಯಾಪಾರ ನಡೆಸುತ್ತಿದ್ದವರು. ಯಾರಿಗೆ ಏನು ಬೇಕೆಂದು ಅವರು ಬಾಯಿ ತೆರೆಯುವ ಮೊದಲೇ ತಿಳಿದುಬಿಡುವ ಜಾತಿ.

"ನಮ್ಮ ಮನ್ಸೂರಾದ ಬಿಲ್ಡಿಂಗಿನಲ್ಲಿ ಒಂಬತ್ತು ಮಾಳಿಗೆ ಉಂಟು. ಮೆಟ್ಟಿಲು ಯಾರೂ ಹತ್ತುವುದಿಲ್ಲ, ಸುಮ್ಮನೆ ಬಿದ್ದಿದೆ. ಬರ್ಲಿಕ್ಕೆ ಹೇಳು ಅವರಿಗೆ. ಒಬ್ಬರೇ ಹತ್ತಿದ್ರೆ ಬೇಜಾರು, ನಾವೂ ಹೋಗುವ" ಎಂದರು ನನಗೆ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕ್ಯಾಲಮ್ ನಗಲಿಲ್ಲ. ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳಿದರು.

ಹೀಗೆ ಆ ಬೇಸಿಗೆಯ ಶುಕ್ರವಾರಗಳಂದು ಊರೆಲ್ಲ ಮುಸುಕು ಹೊದ್ದು ಮಲಗಿರುವಾಗ ನಾವು ಮೂವರು ಬೆಟ್ಟ ಹತ್ತತೊಡಗಿದೆವು. ಮೊದಲ ದಿನ ಅವರು ನನ್ನ ಶೂಗಳ ಲೇಸನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಚೀಲಗಳನ್ನು ಎತ್ತಿ ನೋಡಿದರು. ಭಾರ ಇರಲಿ ಎಂದು ನಾನು ಸೋನಾಮಸೂರಿ ಅಕ್ಕಿಯ ಮೂಟೆಯನ್ನೇ ಹಾಕಿಕೊಂಡು ಬಂದಿದ್ದೆ. ಅವರು ಅದನ್ನು ತೆಗೆದು ಕೆಳಗಿನ ನಾತೂರ್, ಅಂದರೆ ಕಾವಲುಗಾರನ ಕುರ್ಚಿಯ ಪಕ್ಕ ಇಟ್ಟರು. ಆ ನಾತೂರ್ ನಮ್ಮನ್ನು ಕನಿಕರದಿಂದ ನೋಡಿ, "ಮೇಡಂ, ಲಿಫ್ಟ್ ಚಾಲೂ ಹೈ" ಎಂದ. ಪ್ರತಿ ವಾರವೂ ಹಾಗೇ ಹೇಳುತ್ತಿದ್ದ.

ಹತ್ತುವಾಗ ಕ್ಯಾಲಮ್ ಬೆಟ್ಟವನ್ನು ಹೇಳುತ್ತಾ ಹೋಗುತ್ತಿದ್ದರು. ಇದು ಪೈನ್ ಕಾಡು, ಬೇರು ಎಡವೀತು, ನೋಡಿಕೊಳ್ಳಿ. ಇಲ್ಲಿ ತೊರೆ ದಾಟಬೇಕು. ಇನ್ನು ಮೇಲೆ ಜೌಗು, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಬನ್ನಿ. ಆ ಜೌಗಿನ ಜಾಗದಲ್ಲಿ ಒಂದು ಮಲಯಾಳಿ ಮನೆಯವರು ಮೀನು ಹುರಿಯುತ್ತಿದ್ದರು. ಮೆಟ್ಟಿಲಿಗೆ ಎಸಿ ಇಲ್ಲ, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಆದರೂ ಅವರು ಈಗ ಗಾಳಿ ಬೀಸುತ್ತದೆ, ಟೋಪಿ ಹಿಡಿದುಕೊಳ್ಳಿ ಎಂದರೆ ನನ್ನ ಕೈ ತಲೆಗೆ ಹೋಗುತ್ತಿತ್ತು. ತಾರಸಿಗೆ ಬಂದರೆ ನೀರಿನ ಟ್ಯಾಂಕುಗಳು, ಡಿಶ್ ಆಂಟೆನಾಗಳು, ಸುತ್ತಲೂ ಕ್ರೇನುಗಳು, ದೂಳು. ಶಾಲಿನಕ್ಕ ಡಬ್ಬಿ ತೆರೆದು ಗೋಳಿಬಜೆ ಕೊಡುತ್ತಿದ್ದರು. ಕ್ಯಾಲಮ್ ಅದನ್ನು ಕೈಯಲ್ಲಿ ಹಿಡಿದು ದೂಳಿನ ಆಚೆ ನೋಡುತ್ತಾ, ಆಗಸ್ಟಿನಲ್ಲಿ ಬೆಟ್ಟದ ಮೈಯೆಲ್ಲ ನೇರಳೆ ಹೂ ತುಂಬುವುದನ್ನು, ಮಂಜಿನೊಳಗಿಂದ ಜಿಂಕೆ ಕೂಗುವುದನ್ನು ಹೇಳುತ್ತಿದ್ದರು. ಊರು ನೆನೆದವರ ಮುಖ ನಮಗೆ ಗೊತ್ತಿಲ್ಲವೇ, ಗಲ್ಫಿನಲ್ಲಿ ಮನೆಮನೆಯಲ್ಲೂ ಅದೇ ಮುಖ. ಆದರೆ ನನಗೆ ವಿಚಿತ್ರವೆನಿಸಿದ್ದು ಇನ್ನೊಂದು. ನಾನು ಕಾಣದ ಆ ಬೆಟ್ಟಕ್ಕಾಗಿ ನನಗೂ ಹಂಬಲ ಹುಟ್ಟಿತ್ತು. ಮೈಸೂರಿಗಾಗಿ ಕೂಡ ಹಾಗೆ ಒದ್ದಾಡಿದವಳಲ್ಲ ನಾನು.

ಅವರ ಕಸುಬಿನ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಯಾರೋ ಅವರನ್ನು ಮುಂದಾಳು ತನ್ನ ಬೆನ್ನ ಹಿಂದೆಯೇ ನಿಲ್ಲಿಸಿಕೊಳ್ಳುತ್ತಾನೆ. ಗುಂಪೆಲ್ಲ ಅವರ ನಡಿಗೆಗೆ ನಡೆಯಬೇಕು. ಗಟ್ಟಿಯಾದವರು ಕೊನೆಯಲ್ಲಿ. ಹಾಗೆ ಮಾಡದಿದ್ದರೆ ಸೋತವರು ಹಿಂದೆ ಉಳಿದು ಮಂಜಿನಲ್ಲಿ ಕಳೆದುಹೋಗುತ್ತಾರಂತೆ. ಸುಸ್ತಾಗಿದೆ ಎಂದು ಜನ ಬಾಯಿಬಿಟ್ಟು ಹೇಳುವುದೇ ಇಲ್ಲ, ಅದೇ ದೊಡ್ಡ ತೊಂದರೆ ಎನ್ನುತ್ತಿದ್ದರು ಕ್ಯಾಲಮ್. ನಿಮ್ಮಲ್ಲಿ ನಿಧಾನ ಯಾರು ಎಂದು ಮೊದಲ ದಿನ ಕೇಳಿದಾಗ ಶಾಲಿನಕ್ಕ ಕೈ ಎತ್ತಿದರು. ಕೊನೆಯ ಜಾಗ ನನ್ನದಾಯಿತು. ನನಗೆ ಎಷ್ಟು ಹೆಮ್ಮೆ ಎಂದರೆ, ಎರಡೆರಡು ಮಾಳಿಗೆಗೊಮ್ಮೆ ಹಿಂದಿನಿಂದ "ಅಕ್ಕ, ಸುಸ್ತಾಯ್ತಾ? ನಿಲ್ಲೋಣ್ವಾ?" ಎಂದು ಉದಾರವಾಗಿ ಕೇಳುತ್ತಿದ್ದೆ.

"ಹೌದು ಮಾರಾಯ್ತಿ, ಸ್ವಲ್ಪ ನಿಲ್ಲುವ" ಎನ್ನುತ್ತಿದ್ದರು ಅವರು.

ಸೆಪ್ಟೆಂಬರ್ ಬಂತು. ಕಡೆಯ ಶುಕ್ರವಾರ ಕ್ಯಾಲಮ್ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡರು. ಅವರ ಬೆಟ್ಟದ ಎತ್ತರ ತುಂಬುವವರೆಗೂ ಅದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. ತೀರಿಸಿದರೆ ಮಧ್ಯಾಹ್ನವೇ ಫೋನ್ ಮಾಡಿ ಹೂಂ ಎನ್ನುವುದು. ಲಿಫ್ಟಿನಲ್ಲಿ ಇಳಿಯುವ ಹಾಗಿಲ್ಲ. ಕಾಲಿನ ನಿಜ ತಿಳಿಯುವುದು ಇಳಿಯುವಾಗಲೇ ಎಂದರು. ಅಂದು ಅವರು ಬೆಟ್ಟದ ವಿವರ ಹೇಳಲಿಲ್ಲ. ಹತ್ತುವುದೆಲ್ಲ ಸುಸೂತ್ರ. ಇಳಿಯುವಾಗ ಮಾತ್ರ ಶಾಲಿನಕ್ಕ ತಿರುವು ತಿರುವಿಗೂ ನಿಲ್ಲತೊಡಗಿದರು. ಸೊಂಟಕ್ಕೆ ಕೈ ಕೊಟ್ಟು, "ಸಾರಿ ಸರ್, ಒನ್ ಮಿನಿಟ್" ಎನ್ನುವುದು, ಇನ್ನೊಂದು ತಿರುವಿನಲ್ಲಿ ಮತ್ತೆ ಅದೇ. ನನಗೆ ರೇಗಿತು. ಇವತ್ತೊಂದು ದಿನವಾದರೂ ಈಕೆ ಹುಷಾರಾಗಿ ನಡೆಯಬಾರದೇ, ಆ ಮನುಷ್ಯನ ಭವಿಷ್ಯವೇ ಇದರ ಮೇಲೆ ನಿಂತಿದೆಯಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಕೆಳಗೆ ಬಂದಾಗ ಪರೀಕ್ಷೆ ಮುಗಿದಿತ್ತು. ಕ್ಯಾಲಮ್ ಕೊನೆಯ ಮೆಟ್ಟಿಲ ಮೇಲೆ ಕುಳಿತು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಪ್ಯಾಂಟಿನ ಮೇಲಿಂದಲೇ ಊತ ಕಾಣುತ್ತಿತ್ತು. ಶಾಲಿನಕ್ಕ ಎತ್ತಲೋ ನೋಡುತ್ತಾ ನಿಂತಿದ್ದರು. ಅವರ ಹಣೆಯಲ್ಲಿ ಬೆವರಿತ್ತು, ಆದರೆ ಉಸಿರು ಮಾತ್ರ ಆಗ ತಾನೆ ಸೋಫಾದಿಂದ ಎದ್ದವರ ಹಾಗೆ ಸಲೀಸಾಗಿತ್ತು.

ಕ್ಯಾಲಮ್ ಶಾಲಿನಕ್ಕನನ್ನೇ ನೋಡಿ ಮೆಲ್ಲಗೆ ಹೇಳಿದರು: "ಇಷ್ಟು ವರ್ಷ ಗಟ್ಟಿಗರ ಹಾಗೆ ನಟಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಸೋತವರ ಹಾಗೆ ನಟಿಸಿದವರು ನೀವೊಬ್ಬರೇ."

ನಮ್ಮ ಜನ ಹಾಗೇ ಅಲ್ಲವೇ? ಹಿರಿಯರಿಗೆ, ಅದರಲ್ಲೂ ಕಲಿಸುವವರಿಗೆ, ನಿಮ್ಮ ಕಾಲು ಕುಂಟುತ್ತಿದೆ ಎಂದು ಮುಖಕ್ಕೆ ಹೇಳಲು ನಾಲಿಗೆ ಏಳುವುದಿಲ್ಲ. ಅವರು ನಿಲ್ಲಲಿ ಎಂದು ನಾವೇ ನಿಂತುಬಿಡುತ್ತೇವೆ. ಶಾಲಿನಕ್ಕ ಮಾಡಿದ್ದೂ ಅದನ್ನೇ, ಆದರೆ ಬೆಟ್ಟ ಹಾಗೆ ದಾಕ್ಷಿಣ್ಯಕ್ಕೆ ನಿಲ್ಲುವುದಿಲ್ಲ ಎಂದು ಕ್ಯಾಲಮ್‌ಗೆ ಗೊತ್ತಿತ್ತು. ಅಂದು ಮಧ್ಯಾಹ್ನ ಅವರು ಫೋನ್ ಮಾಡಿ ಊಹೂಂ ಎಂದರು. ಸಂಜೆ ನಮ್ಮವರಿಗೆ ಹೇಳಿದ್ದು ಒಂದೇ ಪದ: "ಖಲಾಸ್." ನಾನು ಅಡುಗೆಮನೆಗೆ ಹೋಗಿ ಅತ್ತೆ. ಅವರಿಗಾಗಿಯೋ, ಕಾಣದೆಯೇ ಉಳಿದ ಆ ಬೆಟ್ಟಕ್ಕಾಗಿಯೋ, ಈಗಲೂ ಹೇಳಲಾರೆ.

ಮರುವರ್ಷ ಅವರು ಊರಿಗೆ ಹೊರಟುಹೋದರು. ಒಂದೇ ಸಲ ಅಲ್ಲಿಂದ ಫೋನ್ ಮಾಡಿದ್ದರು. ಹಳೆಯ ಕಂಪನಿಯ ಗುಂಪಿನಲ್ಲೇ ದುಡ್ಡು ಕೊಟ್ಟು ರಜೆಯವರಂತೆ ನಡೆದು ಬಂದಿದ್ದರಂತೆ. ಒಂದು ಚಿಕ್ಕ ಗುಡ್ಡ, ಚಿಕ್ಕ ಪ್ರಾಯದ ಮುಂದಾಳು. ಅವನು ಕೇಳುವ ಮೊದಲೇ ಅವನ ಬೆನ್ನ ಹಿಂದೆ ಹೋಗಿ ನಿಂತರಂತೆ. ಮೇಲಿಂದ ಏನು ಕಾಣಿಸಿತು ಎಂದು ಕೇಳಿದೆ. ಜಡಿಮಳೆ, ಏನೂ ಕಾಣಿಸಲಿಲ್ಲ, ಬಹಳ ಚೆನ್ನಾಗಿತ್ತು ಎಂದರು. ನೀವೆಲ್ಲ ಬನ್ನಿ ಎಂದರು. ಹೋಗೋಣ ಎಂದುಕೊಂಡ ಬೇಸಿಗೆಗಳನ್ನೆಲ್ಲ ಊರಿನ ಮದುವೆಗಳೂ ಗೃಹಪ್ರವೇಶಗಳೂ ನುಂಗಿದವು. ಶಾಲಿನಕ್ಕ ವ್ಯಾಪಾರ ಮುಗಿಸಿ ಉಡುಪಿಗೆ ಮರಳಿದರು. ಈಗ ಮನ್ಸೂರಾಕ್ಕೆ ಮೆಟ್ರೋ ಬಂದಿದೆ.

ಮೊನ್ನೆ ಮಾಲಿನಿಂದ ಮನೆಗೆ ಬಂದವಳೇ ಶಾಲಿನಕ್ಕನಿಗೆ ಫೋನ್ ಮಾಡಿದೆ. ಅದೂ ಇದೂ ಆದ ಮೇಲೆ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಅಕ್ಕ, ಅವರ ಕಾಲು ನೋಯ್ತಿದೆ ಅಂತ ಆ ದಿನ ನಿಮಗೆ ಯಾವಾಗ ಗೊತ್ತಾಯ್ತು?"

"ಆ ದಿನ ಅಲ್ಲ, ಮೊದಲ್ನೇ ವಾರವೇ ಗೊತ್ತಾಗಿತ್ತು. ಇಳಿಯುವಾಗ ಸರಳು ಹಿಡೀತಿದ್ರಲ್ಲ."

"ಮತ್ತೆ ಬೇಸಿಗೆಯೆಲ್ಲ ನೀವು ನಿಧಾನ ಮಾಡಿದ್ದು..."

ಆ ಕಡೆಯಿಂದ ನಗು ಕೇಳಿಸಿತು. "ಇಳಿಯುವಾಗ ಅವರಿಗೋಸ್ಕರ ಹೌದು. ಹತ್ತುವಾಗ ಅವರಿಗೆ ಎಂತ ಆಗಿತ್ತು? ಜಿಂಕೆ ಹಾಗೆ ಹತ್ತುತ್ತಿದ್ರು."

"ಮತ್ತೆ ಹತ್ತುವಾಗ ಯಾರಿಗೋಸ್ಕರ?" ಎಂದೆ.

"ನಿನ್ನ ಉಸಿರು ಹಿಂದಿನಿಂದ ಕೇಳ್ತಿತ್ತು ಮಾರಾಯ್ತಿ. ಮೂರನೇ ಮಾಳಿಗೆಗೇ ಏದುಸಿರು. ನೀನು ಕೇಳಿದ ಕೂಡ್ಲೇ ನಾನು ನಿಲ್ತಿದ್ದೆ."

ಇಷ್ಟು ವರ್ಷ ಆ ಕಾಣದ ಬೆಟ್ಟಕ್ಕಾಗಿ ಹಂಬಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹಾಗೆ ನನಗಾಗಿ ನಿಂತವರು ಆಮೇಲೆ ಯಾರೂ ಸಿಕ್ಕಿರಲಿಲ್ಲ.

"ಮುಂದಿನ ಬೇಸಿಗೆಗೆ ಹೋಗೋಣ್ವಾ ಅಕ್ಕ? ನಿಜವಾದ ಬೆಟ್ಟಕ್ಕೆ?"

"ಹೋಗುವ. ಆದ್ರೆ ನಿಧಾನ ಯಾರು ಅಂತ ಕೇಳಿದ್ರೆ ಈ ಸಲ ನೀನು ಕೈ ಎತ್ತಬೇಕು."

"ಎತ್ತುತ್ತೇನೆ" ಎಂದೆ.